ಕಣದಲ್ಲಿ ಕಾಫಿ, ತಂತಿಯ ಮೇಲೆ ಕೌದಿ

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಗೊತ್ತಿದ್ದ ಕೌದಿ, ಅಂದರೆ ಹಳೆ ಬಟ್ಟೆಯಿಂದ ಹೊಲಿದ ಹೊದಿಕೆ, ಬಿಸಿಲು ಸೀಮೆಯದು. ನಾನು ಹುಟ್ಟಿದ ಹಾವೇರಿ ಕಡೆ ಬೇಸಿಗೆ ಬಂತೆಂದರೆ ಕಟ್ಟೆ, ಮಾಳಿಗೆ, ಬೇಲಿ ಎಲ್ಲಾ ಕಡೆ ಕೌದಿ ಹರಡಿರುತ್ತಾರೆ. ಬೆಳಿಗ್ಗೆ ಒಗೆದು ಹಾಕಿದರೆ ಸಂಜೆಗೆ ಗರಿಗರಿ. ಮದುವೆಯಾಗಿ ಮಡಿಕೇರಿ ಹತ್ತಿರದ ಈ ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ಅವ್ವ ಹೊಲಿದ ಕೌದಿ ಇತ್ತು. ದಪ್ಪದ್ದು, ಭಾರದ್ದು. ನಮ್ಮ ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ ಕೇಳಿದ್ದು ಒಂದೇ ಮಾತು. "ಚೆನ್ನಾಗಿದೆ ಮಗಾ. ಆದರೆ ಜುಲೈ ತಿಂಗಳಲ್ಲಿ ಇದನ್ನು ಒಗೆದರೆ ಒಣಗಿಸುವುದು ಎಲ್ಲಿ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹುಡುಕುತ್ತಾ ನನ್ನ ಕೈಕೆಲಸವೇ ಬದಲಾಯಿತು. ಈ ಮಳೆ, ಈ ಮನೆಯ ಜನ, ಹಿತ್ತಲು, ಅಲ್ಲಿ ಬರುವ ಹಕ್ಕಿಗಳು ಎಲ್ಲಾ ಸೇರಿ ನನ್ನ ಕೌದಿಯನ್ನು ಕೊಡಗಿನ ಕೌದಿ ಮಾಡಿವೆ. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಕೌದಿ ನೋಡದವರಿಗಾಗಿ ಎರಡು ಮಾತು. ಹಳೆ ಸೀರೆ, ಧೋತರ, ಲಂಗ, ಹೀಗೆ ಉಟ್ಟು ಒಗೆದು ಮೆತ್ತಗಾದ ಹತ್ತಿ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಬೇಕು. ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲಾ ಪದರ ಹಿಡಿಯುವ ಹಾಗೆ ಕೈಯಲ್ಲಿ ಸಣ್ಣ ಸಣ್ಣ ಓಡು ಹೊಲಿಗೆ ಹಾಕಬೇಕು. ಒಳಗೆ ಅರಳೆ ತುಂಬುವುದಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ನೋಡಲು ಬಹಳ ಚೆಂದ. ನಮ್ಮವ್ವ ಈ ತುದಿಯಿಂದ ಆ ತುದಿಗೆ ಉದ್ದುದ್ದ ಸಾಲು ಹಾಕುತ್ತಿದ್ದಳು. ನನ್ನದೂ ಅದೇ ಸಾಲು.

ಆದರೆ ಪದರ ಕಡಿಮೆ ಮಾಡಿದೆ. ಮೇಲೊಂದು, ಕೆಳಗೊಂದು, ನಡುವೆ ಹಳೆ ಮಲ್ಲಿನ ಪಂಚೆ ಒಂದು. ಅಷ್ಟೇ. ಒಂದೇ ದಪ್ಪ ಕೌದಿ ಹೊದೆಯುವ ಬದಲು ತೆಳುವಾದ ಎರಡು ಹೊದ್ದರೆ ಚಳಿಗೂ ಆಯಿತು, ಒಗೆಯಲೂ ಸುಲಭ. ಹೊಲಿಗೆ ಮಾತ್ರ ಇನ್ನೂ ಹತ್ತಿರ ಹತ್ತಿರ ಹಾಕುತ್ತೇನೆ. ಪದರಗಳ ನಡುವೆ ಸಡಿಲ ಜಾಗ ಇದ್ದರೆ ತೇವ ಅಲ್ಲೇ ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಬಿದಿರು ಕಟ್ಟಿ ಅಲ್ಲಿ ಇಳಿಬಿಡುತ್ತೇವೆ. ಹೊಗೆ ವಾಸನೆ ಸ್ವಲ್ಪ ಹಿಡಿಯುತ್ತದೆ, ಆದರೆ ಬಟ್ಟೆ ಉಳಿಯುತ್ತದೆ. ತೀರಾ ಆಗಲಿಲ್ಲವೆಂದರೆ ಕುಶಾಲನಗರದಲ್ಲಿರುವ ನಾದಿನಿಯ ಮನೆಗೆ ಕಳಿಸುತ್ತೇನೆ. ಮೂವತ್ತು ಕಿಲೋಮೀಟರ್ ಕೆಳಗಿಳಿದರೆ ಸಾಕು, ಮಳೆ ಎಷ್ಟು ಕಡಿಮೆ ನೋಡಿ. ಇಲ್ಲಿ ಕೊಡೆ ಮಡಚುವ ಹಾಗಿಲ್ಲದ ದಿನ ಅವಳ ಮನೆ ತಾರಸಿಯಲ್ಲಿ ಎಳೆಬಿಸಿಲು ಇರುತ್ತದೆ.

ಬಿಸಿಲು ಬಂದ ಮೇಲೆ ಇನ್ನೊಂದು ಪಂಚಾಯಿತಿ. ಡಿಸೆಂಬರ್‌ನಿಂದ ಕಣ ಪೂರ್ತಿ ಕಾಫಿಯದ್ದು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಬರುತ್ತದೆ, ಅದರ ಹಿಂದೆಯೇ ಕಾಳುಮೆಣಸು. ನಮ್ಮ ಮನೆಯವರು ಕಾಫಿಯನ್ನು ಗೋರುತ್ತಾ ತಿರುವುತ್ತಾ ಇರುತ್ತಾರೆ, ನಾನು ಕಣದ ಅಂಚಿನಲ್ಲಿ ಕೌದಿ ಹಿಡಿದು ನಿಂತಿರುತ್ತೇನೆ. ಕಾಫಿ ಮನೆ ನಡೆಸುವ ಬೆಳೆ, ಅದಕ್ಕೆ ಮೊದಲ ಜಾಗ. ಕೊನೆಗೆ ಅತ್ತೆಯೇ ಎರಡು ಸಿಲ್ವರ್ ಓಕ್ ಮರಗಳ ನಡುವೆ ತಂತಿ ಎಳೆಸಿದರು. ಕೆಳಗೆ ಕಾಫಿ ಒಣಗುತ್ತದೆ, ಮೇಲೆ ಕೌದಿ ಒಣಗುತ್ತದೆ. ನೆರಳು ಕಾಫಿಯ ಮೇಲೆ ಬೀಳದ ಹಾಗೆ ಕೌದಿಯನ್ನು ಆಗಾಗ ಸರಿಸುವುದು ಮಗಳ ಕೆಲಸ.

ಅತ್ತೆ ಹೊಲಿಯುವುದಿಲ್ಲ. ಆದರೆ ಬಟ್ಟೆ ಆರಿಸುವುದರಲ್ಲಿ ಅವರ ಕಣ್ಣು ನನಗಿಂತ ಚುರುಕು. ಸೀರೆಯನ್ನು ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ ಅಂತ ತೋರಿಸುತ್ತಾರೆ. ಕೊಡಗಿನ ಕ್ರಮದಲ್ಲಿ ನಿರಿಗೆ ಹಿಂದೆ ಬರುತ್ತದಲ್ವಾ, ಕೂತು ಎದ್ದು ಆ ಭಾಗ ಬೇಗ ತೆಳುವಾಗುತ್ತದೆ. ನಮ್ಮವ್ವನ ಇಳಕಲ್ ಸೀರೆಗಳಲ್ಲಿ ಸವೆದಿದ್ದು ಮುಂದಿನ ನಿರಿಗೆ, ಕಾಲಿಗೆ ತಾಗುವ ಅಂಚು. ಯಾರು ಹೇಗೆ ಉಡುತ್ತಿದ್ದರು, ಹೇಗೆ ಕೂರುತ್ತಿದ್ದರು ಅನ್ನುವುದು ಬಟ್ಟೆಯಲ್ಲೇ ಇರುತ್ತದೆ. ಗಟ್ಟಿ ಭಾಗ ಕೌದಿಯ ಮೇಲಕ್ಕೆ, ತೆಳುವಾದದ್ದು ಒಳಪದರಕ್ಕೆ. ಈಗ ನಾನು ಹೊದೆಯುವ ಕೌದಿಯಲ್ಲಿ ಅವ್ವನ ಸೀರೆಯ ಕೆಂಪು ಸೆರಗೂ ಅತ್ತೆಯ ಹಸಿರು ಸೀರೆಯೂ ಅಕ್ಕಪಕ್ಕ ಇವೆ. ಜೊತೆಗೆ ಒಂದು ನೇರಳೆ ಪಟ್ಟಿ. ಮಳೆಗಾಲದ ಆಟಿ ತಿಂಗಳಲ್ಲಿ ಮದ್ದುಸೊಪ್ಪು ಕುದಿಸಿ ನೇರಳೆ ಬಣ್ಣದ ಪಾಯಸ ಮಾಡುತ್ತೇವಲ್ಲ, ಆ ಬಣ್ಣ ನೋಡಿದ ಮೇಲೆ ಅಂಥದ್ದೇ ಬಟ್ಟೆಗಾಗಿ ಮಡಿಕೇರಿ ಸಂತೆಯೆಲ್ಲಾ ಸುತ್ತಿದ್ದೆ.

ನಾನು ಹೊಲಿಯಲು ಕೂರುವುದು ಹಿತ್ತಲ ಬಾಗಿಲಲ್ಲಿ. ಬೆಳಕು ಚೆನ್ನಾಗಿರುತ್ತದೆ, ಒಲೆ ಮೇಲಿನ ಅನ್ನದ ಮೇಲೂ ಕಣ್ಣಿಡಬಹುದು. ಮಳೆಗಾಲದಲ್ಲಿ ಇನ್ನೂ ಬೆಳಗಾಗುವ ಮುಂಚೆ ತೋಡಿನ, ಅಂದರೆ ಸಣ್ಣ ಹಳ್ಳದ, ಕಡೆಯಿಂದ ಮಲಬಾರ್ ಶಿಳ್ಳೆ ಹಕ್ಕಿ ಕೇಳಿಸುತ್ತದೆ, ಥೇಟ್ ಯಾರೋ ಹುಡುಗ ರಾಗ ಮರೆತು ಮರೆತು ಶಿಳ್ಳೆ ಹಾಕಿದ ಹಾಗೆ. ಚಳಿಗಾಲದಲ್ಲಿ ಹಾಲುವಾಣದ ಮರ ಎಲೆ ಉದುರಿಸಿ ಕೆಂಪು ಹೂ ಬಿಟ್ಟರೆ ಸೂರಕ್ಕಿ, ಮೈನಾಗಳ ಗಲಾಟೆ. ಗಾಂಧಾರಿ ಮೆಣಸಿನ ಗಿಡಕ್ಕೆ ಪಿಕಳಾರಗಳು ಬರುತ್ತವೆ. ನಾವು ಒಂದು ಕಚ್ಚಿದರೆ ಕಣ್ಣಲ್ಲಿ ನೀರು, ಅವು ಹಣ್ಣು ಹಣ್ಣೇ ನುಂಗುತ್ತವೆ. ಮೆಣಸಿನ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲ. ಬೀಜ ಎಲ್ಲೆಲ್ಲೋ ಬಿದ್ದು ಹುಟ್ಟುತ್ತದೆ. ಹಾಗಾಗಿ ಗಾಂಧಾರಿ ಗಿಡವನ್ನು ನಾವು ನೆಡುವುದೇ ಇಲ್ಲ.

ಆದರೆ ನನ್ನ ಮನಸ್ಸು ಗೆದ್ದದ್ದು ಟುವ್ವಿ. ಸಿಂಪಿಗ ಅಂತಲೂ ಕರೆಯುತ್ತಾರೆ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು, ದನಿ ಮಾತ್ರ ಇಡೀ ಹಿತ್ತಲಿಗೆ ಕೇಳುತ್ತದೆ. ಒಮ್ಮೆ ಬದನೆ ಗಿಡದಲ್ಲಿ ಗೂಡು ಕಟ್ಟಿತ್ತು. ಹೆಣ್ಣು ಹಕ್ಕಿ ಎಲೆಯ ಅಂಚನ್ನು ಕೊಕ್ಕಿನಿಂದ ಚುಚ್ಚಿ, ಆ ತೂತಿನಲ್ಲಿ ಜೇಡರ ಬಲೆಯನ್ನೋ ಹತ್ತಿಯ ಎಳೆಯನ್ನೋ ತೂರಿಸುತ್ತದೆ. ನಾವು ಮಾಡುವಂತೆ ಗಂಟು ಹಾಕುವುದಿಲ್ಲ. ಎಳೆಯ ತುದಿ ಹೊರಗೆ ಬಂದು ಅರಳಿಕೊಳ್ಳುತ್ತದೆ, ಮತ್ತೆ ತೂತಿನೊಳಕ್ಕೆ ಜಾರುವುದಿಲ್ಲ. ಒಂದೊಂದು ಹೊಲಿಗೆಯೂ ಬೇರೆ ಬೇರೆ, ಒಂದು ಬಿಟ್ಟರೆ ಇನ್ನೊಂದು ಹಿಡಿದಿರುತ್ತದೆ. ಎಲೆಗೆ ಜೀವ ಇರುವುದರಿಂದ ಗೂಡು ಹಸಿರಾಗಿಯೇ ಇರುತ್ತದೆ, ಪಕ್ಕದಲ್ಲಿ ನಿಂತರೂ ಕಾಣುವುದಿಲ್ಲ. ಮರಿ ಹಾರುವವರೆಗೆ ಆ ಗಿಡದ ಬದನೆಕಾಯಿ ಕೊಯ್ಯಬಾರದು ಅಂತ ಅತ್ತೆ ಅಪ್ಪಣೆ ಮಾಡಿದರು. ಕೊಯ್ಯಲಿಲ್ಲ.

ಅದೇ ಸಮಯದಲ್ಲಿ ಒಂದು ವಿಷಯಕ್ಕೆ ಕಟ್ಟುನಿಟ್ಟಾದೆ. ಹೊಲಿಯುವವರು ದಯವಿಟ್ಟು ಇದನ್ನು ಕೇಳಿ. ಹಕ್ಕಿ ಗೂಡಿಗೆ ಬೇಕಾಗುತ್ತದೆ ಅಂತ ದಾರದ ತುಂಡುಗಳನ್ನು ಸುಮ್ನೆ ಹಿತ್ತಲಿಗೆ ಎಸೆಯಬೇಡಿ. ಉದ್ದದ ದಾರ, ಅದರಲ್ಲೂ ನೈಲಾನ್, ಪಾಲಿಯೆಸ್ಟರ್ ದಾರ ಮರಿಗಳ ಕಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ, ಕಾಲೇ ಹೋಗುತ್ತದೆ. ನಾನು ಕೂರುವಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಕತ್ತರಿಸಿದ ದಾರವೆಲ್ಲಾ ಅದರೊಳಕ್ಕೆ. ಹಕ್ಕಿಗಳಿಗೆ ಬೇಕಾದ ಜೇಡರ ಬಲೆ, ನಾರು ಹಿತ್ತಲಲ್ಲೇ ಬೇಕಾದಷ್ಟು ಇದೆ. ಬೇಲಿಯನ್ನು ತೀರಾ ಸಾಫು ಮಾಡದಿದ್ದರೆ ಆಯಿತು.

2018ರ ಆಗಸ್ಟ್ ತಿಂಗಳನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ ಕಡೆಯೆಲ್ಲಾ ಗುಡ್ಡ ಜಾರಿ ಮನೆ, ತೋಟ ಹೋದವು. ನಮ್ಮ ನೆಂಟರೊಬ್ಬರು, ನಾನು ಅಕ್ಕ ಅಂತ ಕರೆಯುತ್ತೇನೆ, ಮಣ್ಣಿನಡಿಯಿಂದ ಸಿಕ್ಕ ಒಂದು ಗಂಟು ಬಟ್ಟೆ ತಂದುಕೊಟ್ಟರು. ಕೌದಿ ಮಾಡಿಕೊಡು ಅಂದರು. ಎಷ್ಟು ಒಗೆದರೂ ನೀರು ಕೆಂಪಾಗಿಯೇ ಬರುತ್ತಿತ್ತು. ಬಣ್ಣಕ್ಕಿಂತ ನನಗೆ ಚಿಂತೆಯಾದದ್ದು ಮರಳಿನದು. ನೂಲಿನ ಒಳಗೆ ನುಸಿಯಂಥ ಮರಳು ಉಳಿದರೆ ಬಟ್ಟೆ ಒಳಗಿಂದೊಳಗೇ ತುಂಡಾಗುತ್ತದೆ, ಸೂಜಿಯೂ ಮೊಂಡಾಗುತ್ತದೆ. ತೋಡಿನ ಹರಿಯುವ ನೀರಿನಲ್ಲಿ ಕಲ್ಲು ಹೇರಿ ಬಿಟ್ಟು, ಬೆರಳ ನಡುವೆ ಉಜ್ಜಿದರೆ ಕಿರುಗುಡದ ಹಾಗಾಗುವವರೆಗೂ ಕಾದೆ. ಒಂದು ಬಿಳಿ ಸೀರೆಯಲ್ಲಿ ಕಲೆ ಹೋಗಲೇ ಇಲ್ಲ. ಆ ಭಾಗ ಕತ್ತರಿಸಿ ತೆಗೆಯಲಾ ಅಕ್ಕಾ ಅಂತ ಕೇಳಿದೆ. "ಬೇಡ, ಹೊದ್ದರೆ ಮೈಗೆ ತಾಗುವ ಕಡೆ ಹಾಕು" ಅಂದರು. ಹಾಗೆಯೇ ಹಾಕಿದೆ. ನಾನು ಹೊಲಿದವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಕೌದಿ ಅದು. ಮೇಲಿಂದ ನೋಡಿದರೆ ತೀರಾ ಸಾದಾ.

ಈಗ ದುಡ್ಡಿನ ಮಾತು. ಕೌದಿ ನೋಡಿ ಇಷ್ಟಪಟ್ಟವರು ಬೆಲೆ ಕೇಳಿದ ಕೂಡಲೇ, "ಹಳೆ ಬಟ್ಟೆ ತಾನೇ, ಇಷ್ಟೊಂದಾ?" ಅನ್ನುತ್ತಾರೆ. ಕಾಫಿ ಕೊಯ್ಯುವವರಿಗೆ ಕೂಲಿ ಕೊಡುವಾಗ, ಹಣ್ಣು ಗಿಡದಲ್ಲಿ ತಾನಾಗಿಯೇ ಬಿಟ್ಟದ್ದಲ್ವಾ ಅಂತ ಯಾರಾದರೂ ಕೇಳುತ್ತಾರಾ? ಒಂದು ಕೌದಿ ಅಂದರೆ ವಾರಗಟ್ಟಲೆ ಕೆಲಸ. ಕಣ್ಣು, ಬೆನ್ನು, ಬೆರಳು ಎಲ್ಲಾ ಅದಕ್ಕೆ ಹೋಗುತ್ತದೆ. ಅದಕ್ಕೇ ನಾನು ಕೂಲಿ ಲೆಕ್ಕ ಹಾಕಿಯೇ ಬೆಲೆ ಹೇಳುತ್ತೇನೆ, ಚೌಕಾಸಿ ಮಾಡುವುದಿಲ್ಲ. ಮನೆಯಲ್ಲಿ ಹೊಲಿಯುವ ಅಕ್ಕತಂಗಿಯರಿಗೂ ಇದನ್ನೇ ಹೇಳುತ್ತೇನೆ. ಬಿಡುವಿನಲ್ಲಿ ಮಾಡಿದ್ದು ಅಂತ ಅಗ್ಗಕ್ಕೆ ಕೊಡಬೇಡಿ. ನಮಗೆ ಬಿಡುವು ಅಂತ ಎಲ್ಲಿದೆ ಹೇಳಿ.

ನನ್ನದು ಇನ್ನೊಂದು ಬೇಡಿಕೆ. ಕೌದಿ ಕೊಂಡವರು ಅದನ್ನು ಗೋಡೆಗೆ ತೂಗುಹಾಕಿ ಇಡಬೇಡಿ. ಹೊದೆಯಿರಿ, ಒಗೆಯಿರಿ, ಮಗುವನ್ನು ಮಲಗಿಸಿ. ಮೇ ತಿಂಗಳಲ್ಲಿ ಎರಡು ದಿನ ಖಡಕ್ ಬಿಸಿಲಿಗೆ ಹಾಕಿ, ಎರಡೂ ಮಗ್ಗುಲು ಕಾಯಿಸಿ. ಬಿಸಿ ಇರುವಾಗಲೇ ಮಡಚಬೇಡಿ, ನೆರಳಲ್ಲಿ ಆರಿದ ಮೇಲೆ ಮಡಚಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಹಳೆ ಪಂಚೆಯಲ್ಲಿ ಸುತ್ತಿ, ನಡುವೆ ಸ್ವಲ್ಪ ಲಾವಂಚದ ಬೇರು ಇಡಿ. ಸಿಗದಿದ್ದರೆ ನಿಮ್ಮದೇ ಬಳ್ಳಿಯ ಒಂದು ಹಿಡಿ ಕಾಳುಮೆಣಸನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ಮೇಲಿನ ಬಟ್ಟೆ ಹರಿದರೆ ಹೊಸ ತುಂಡು ಇಟ್ಟು ಹೊಲಿಯಬಹುದು, ನನ್ನ ಹತ್ತಿರ ತಂದರೂ ಆಯಿತು. ಕಾಫಿ ಕೊಯ್ಲು ಮುಗಿದ ಮೇಲೆ ಬನ್ನಿ, ಆಗ ತಂತಿಯ ಮೇಲೂ ಜಾಗ ಇರುತ್ತದೆ.

ನಮಸ್ಕಾರ.