ಹೆಲ್ಮೆಟ್ಟಿನೊಳಗೆ ನೀರು: ಒಬ್ಬ ಯುದ್ಧವಿಮಾನದ ಪೈಲಟ್ ಗಗನಯಾತ್ರಿಯಾದ ಕಥೆ

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ವಾಯುಸೇನೆಯಲ್ಲಿದ್ದೆ ಅಂದ ಕೂಡಲೇ ಜನ "ಎಷ್ಟು ಸ್ಪೀಡಲ್ಲಿ ಓಡಿಸ್ತಿದ್ರಿ ಸಾರ್?" ಅಂತ ಕೇಳುತ್ತಾರೆ. ನನ್ನ ಕೈಯಲ್ಲಿ ಓಡಿದ್ದು ಸ್ಪ್ಯಾನರ್ ಮಾತ್ರ. ನಾನು ಏರ್‌ಫ್ರೇಮ್ ಫಿಟ್ಟರ್. ವಿಮಾನದ ಮೈ, ರೆಕ್ಕೆ, ಚಕ್ರ, ಬ್ರೇಕು ನನ್ನ ಪಾಲಿನವು. ಪೈಲಟ್‌ಗಳು ಏರುವುದನ್ನು ಕೆಳಗೆ ನಿಂತು ನೋಡಿದ್ದೇನೆ. ಇಳಿದು ಬಂದಾಗ ಅವರ ಮುಖ ಹೇಗಿರುತ್ತದೆ ಅನ್ನುವುದನ್ನೂ ನೋಡಿದ್ದೇನೆ.

ನಮ್ಮಲ್ಲಿ ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರುತ್ತದೆ. ಫಾರ್ಮ್ 700 ಅಂತ. ಹಾರುವ ಮುಂಚೆ ನಾವು ಸಹಿ ಹಾಕಬೇಕು, ಆಮೇಲೆ ಪೈಲಟ್ ಸಹಿ ಹಾಕಬೇಕು. ಇಳಿದ ಮೇಲೆ ಹಾರಾಟದಲ್ಲಿ ಏನು ಸರಿಯಿರಲಿಲ್ಲ ಅಂತ ಅವರು ಬರೆಯಬೇಕು. ಅದಕ್ಕೆ ಸ್ನ್ಯಾಗ್ ಅನ್ನುತ್ತೇವೆ. ಒಂದು ದೀಪ ಅರ್ಧ ಸೆಕೆಂಡ್ ಮಿನುಗಿತು ಅಂದರೂ ಸ್ನ್ಯಾಗ್. ಸಂಜೆ ಐದಕ್ಕೆ ಇಳಿದ ಪೈಲಟ್ ಒಂದು ಸಾಲು ಬರೆದು ಮೆಸ್ಸಿಗೆ ಹೋದರೆ, ನಮಗೆ ಆ ರಾತ್ರಿ ಹ್ಯಾಂಗರಿನಲ್ಲೇ ಬೆಳಗಾಗುತ್ತಿತ್ತು. ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆವು. ಆದರೂ ನಾವು ಜಾಸ್ತಿ ನಂಬುತ್ತಿದ್ದದ್ದು ಹಾಗೆ ಬರೆಯುವವರನ್ನೇ.

ಈ ಸ್ನ್ಯಾಗ್ ಅನ್ನುವ ಪದ ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತು ಹೇಳಹೊರಟ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಕಥಾನಾಯಕ ಲೂಕಾ ಪರ್ಮಿತಾನೋ. ಇಟಲಿಯವರು, ಅದರಲ್ಲೂ ಸಿಸಿಲಿ ದ್ವೀಪದವರು. 1976ರಲ್ಲಿ ಪತೆರ್ನೋ ಅನ್ನುವ ಊರಿನಲ್ಲಿ ಹುಟ್ಟಿದರು. ಎಟ್ನಾ ಜ್ವಾಲಾಮುಖಿಯ ಬುಡದ ಊರು ಅದು. ನೇಪಲ್ಸ್ ಹತ್ತಿರದ ಪೊತ್ಸುವೋಲಿಯಲ್ಲಿ ಇಟಲಿ ವಾಯುಸೇನೆಯ ಅಕಾಡೆಮಿ ಇದೆ, ಅಲ್ಲಿ ಓದಿದರು. ಪದವಿ ಯಾವುದರಲ್ಲಿ ಗೊತ್ತಾ? ರಾಜ್ಯಶಾಸ್ತ್ರದಲ್ಲಿ. ಎಂಜಿನಿಯರಿಂಗೂ ಅಲ್ಲ, ಫಿಸಿಕ್ಸೂ ಅಲ್ಲ. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡ ಮಗನನ್ನು ನೋಡಿ ಕೊರಗುವ ಅಪ್ಪಂದಿರು ಈ ಸಭೆಯಲ್ಲಿ ಯಾರಾದರೂ ಇದ್ದರೆ, ಇಷ್ಟು ಕೇಳಿಸಿಕೊಂಡು ಮನೆಗೆ ಹೋದರೂ ಸಾಕು.

ಜೆಟ್ ಹಾರಿಸಲು ಕಲಿತದ್ದು ಅಮೆರಿಕದ ಟೆಕ್ಸಸ್‌ನಲ್ಲಿ, ಶೆಪರ್ಡ್ ಅನ್ನುವ ವಾಯುನೆಲೆಯಲ್ಲಿ. ಯೂರೋಪಿನ ಹಲವು ದೇಶಗಳ ಹುಡುಗರನ್ನು ಒಟ್ಟಿಗೆ ಕೂರಿಸಿ ತರಬೇತಿ ಕೊಡುವ ಜಾಗ ಅದು. ಅಲ್ಲಿಂದ ಬಂದ ಮೇಲೆ ದಕ್ಷಿಣ ಇಟಲಿಯ ಅಮೆಂದೋಲಾ ನೆಲೆಯಲ್ಲಿ ಎಎಂಎಕ್ಸ್ ಹಾರಿಸಿದರು. ಇಟಲಿ ಮತ್ತು ಬ್ರೆಜಿಲ್ ಸೇರಿ ಮಾಡಿದ ಸಣ್ಣ ದಾಳಿ ವಿಮಾನ ಅದು. ಒಂದೇ ಎಂಜಿನ್, ಒಂದೇ ಸೀಟು. ಏನಾದರೂ ಆದರೆ ಪಕ್ಕದಲ್ಲಿ ಕೇಳಲು ಯಾರೂ ಇಲ್ಲ.

ಆಗಿಯೂ ಹೋಯಿತು. 2005ರಲ್ಲಿ, ಬೆಲ್ಜಿಯಂನಿಂದ ಒಂದು ಸಮರಾಭ್ಯಾಸದ ಹಾರಾಟದಲ್ಲಿದ್ದಾಗ, ದೊಡ್ಡ ಹಕ್ಕಿಯೊಂದು ಬಂದು ಬಡಿಯಿತು.

ನಾವು ಇದನ್ನು ಬರ್ಡ್ ಹಿಟ್ ಅನ್ನುತ್ತೇವೆ. ಕೇಳುವುದಕ್ಕೆ ಏನೂ ಅನಿಸುವುದಿಲ್ಲ, ಹಕ್ಕಿ ತಾನೇ! ನಾನು ಒಂದೆರಡನ್ನು ತೊಳೆದಿದ್ದೇನೆ. ರೆಕ್ಕೆಯ ಮುಂದಿನ ಅಂಚಿನ ಲೋಹ ಪಾತ್ರೆ ಬಿದ್ದು ನೆಗ್ಗಿದ ಹಾಗೆ ಒಳಗೆ ಹೋಗಿರುತ್ತದೆ. ಸಂದಿಯಲ್ಲಿ ಗರಿ ಸಿಕ್ಕಿಕೊಂಡಿರುತ್ತದೆ. ವಾಸನೆಯಂತೂ ಎರಡು ದಿನ ಕೈ ಬಿಡುವುದಿಲ್ಲ. ಒಂದು ಸಲ ಹದ್ದೊಂದು ಬಡಿದ ಗುಂಡಿಯಲ್ಲಿ ನನ್ನ ಇಡೀ ಮುಷ್ಟಿ ಕೂರುತ್ತಿತ್ತು. ಗಟ್ಟಿ ಲೋಹದ ಗತಿಯೇ ಹಾಗಾದರೆ, ಪೈಲಟ್ ತಲೆಯ ಮೇಲಿನ ಪಾರದರ್ಶಕ ಕ್ಯಾನಪಿಯ ಗತಿ ಏನು?

ಪರ್ಮಿತಾನೋ ಅವರ ಕ್ಯಾನಪಿ ಒಡೆಯಿತು. ರೇಡಿಯೋ ಹೋಯಿತು. ಕೂತ ಸೀಟಿನ ಕೆಳಗೆ ರಾಕೆಟ್ ಇದೆ, ಹಿಡಿ ಎಳೆದರೆ ಸೀಟು ಸಮೇತ ಆಚೆ ಹಾರಿ ಪ್ಯಾರಾಚೂಟ್‌ನಲ್ಲಿ ಇಳಿಯಬಹುದು. ಎಳೆದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಇವರು ಎಳೆಯಲಿಲ್ಲ. ವಿಮಾನ ಇನ್ನೂ ಮಾತು ಕೇಳುತ್ತಿದೆಯಾ ನೋಡಿದರು, ಕೇಳುತ್ತಿತ್ತು. ವಾಪಸ್ ತಂದು ಇಳಿಸಿದರು. ಇದಕ್ಕಾಗಿ ಇಟಲಿಯ ರಾಷ್ಟ್ರಪತಿಯಿಂದ ವಾಯುಶೌರ್ಯದ ಬೆಳ್ಳಿ ಪದಕ ಬಂತು.

ಪದಕದ ಮೇಲೆ ಶೌರ್ಯ ಅಂತ ಬರೆದಿರುತ್ತದೆ, ಇರಲಿ. ನಾನು ಕಂಡ ಪೈಲಟ್‌ಗಳನ್ನು ನೆನೆಸಿಕೊಂಡರೆ ಅದಕ್ಕೆ ಬೇರೆ ಹೆಸರು ಕೊಡುತ್ತೇನೆ. ಏನು ಕೆಟ್ಟಿದೆ ಅನ್ನುವುದಕ್ಕಿಂತ ಮುಂಚೆ, ಏನು ಇನ್ನೂ ಸರಿಯಾಗಿದೆ ಅಂತ ಎಣಿಸುವ ಅಭ್ಯಾಸ ಅದು. ಹುಟ್ಟಿನಿಂದ ಬರುವುದಲ್ಲ. ಸಿಮ್ಯುಲೇಟರಿನಲ್ಲಿ ನೂರು ಸಲ ಎಂಜಿನ್ ನಿಲ್ಲಿಸಿ, ಬೆಂಕಿ ಹಚ್ಚಿ, ಬೈದು, ಮತ್ತೆ ಮಾಡಿಸಿ ಕಲಿಸುವಂಥದ್ದು.

ಆಮೇಲೆ ಅವರನ್ನು ಟೆಸ್ಟ್ ಪೈಲಟ್ ತರಬೇತಿಗೆ ಆರಿಸಿದರು. ಫ್ರಾನ್ಸಿನ ಇಸ್ತ್ರ್ ಎಂಬಲ್ಲಿ ಅದರ ಶಾಲೆ ಇದೆ. ನಮ್ಮ ಬೆಂಗಳೂರಿನಲ್ಲೂ ವಾಯುಸೇನೆಯದು ಅಂಥದೊಂದು ಶಾಲೆ ಇದೆ, ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದಲ್ಲಿ. ಟೆಸ್ಟ್ ಪೈಲಟ್ ಅಂದರೆ ಸಿನಿಮಾದ ಹೀರೋ ಅಂದುಕೊಳ್ಳಬೇಡಿ. ಮಂಡಿಯ ಮೇಲೆ ಕಾಗದದ ಪ್ಯಾಡ್ ಕಟ್ಟಿಕೊಂಡು, "ಇಷ್ಟು ವೇಗದಲ್ಲಿ, ಇಷ್ಟು ಎತ್ತರದಲ್ಲಿ, ಕಂಟ್ರೋಲ್ ಸ್ಟಿಕ್ ಇಷ್ಟು ಎಳೆದರೆ ಹೀಗಾಯಿತು" ಅಂತ ಬರೆದುಕೊಳ್ಳುವ ಮನುಷ್ಯ ಅವನು. ಹಾರುತ್ತಾ ಹಾರುತ್ತಾ ಸ್ನ್ಯಾಗ್ ಹುಡುಕುವುದೇ ಅವನ ಉದ್ಯೋಗ.

ಈ ಹೊತ್ತಿಗೆ ಯೂರೋಪಿಯನ್ ಬಾಹ್ಯಾಕಾಶ ಸಂಸ್ಥೆ, ಅಂದರೆ ಇಸಾ, ಹೊಸ ಗಗನಯಾತ್ರಿಗಳು ಬೇಕು ಅಂತ 2008ರಲ್ಲಿ ಕರೆ ಕೊಟ್ಟಿತ್ತು. ಸರಿಯಾಗಿ ತುಂಬಿದ ಅರ್ಜಿಗಳೇ 8,413. ಬೇಕಾದವರು ಬೆರಳೆಣಿಕೆಯಷ್ಟು. ಮೊದಲ ಸುತ್ತಿನ ಮನಃಶಾಸ್ತ್ರದ ಪರೀಕ್ಷೆ ಹ್ಯಾಂಬರ್ಗ್‌ನಲ್ಲಿ. ಬಾಯಿಲೆಕ್ಕ, ನೆನಪಿನ ಶಕ್ತಿ, ಒಂದೇ ಸಲ ಎರಡು ಮೂರು ಕೆಲಸದ ಮೇಲೆ ಗಮನ, ಇಂಥವು. ಆಮೇಲೆ ಗುಂಪಿನಲ್ಲಿ ಹೇಗಿರುತ್ತಾರೆ ನೋಡುತ್ತಾರೆ, ಆಮೇಲೆ ದಿನಗಟ್ಟಲೆ ವೈದ್ಯಕೀಯ ತಪಾಸಣೆ, ಆಮೇಲೆ ಸಂದರ್ಶನ. ನಮ್ಮ ರಾಕೇಶ್ ಶರ್ಮಾ ಅವರನ್ನು ಆರಿಸುವಾಗಲೂ ಬೆಂಗಳೂರಿನ ವಾಯುಸೇನಾ ವೈದ್ಯಕೀಯ ಸಂಸ್ಥೆಯಲ್ಲಿ ಹೀಗೆಯೇ ತಿರುಗಿಸಿ ಮುರುಗಿಸಿ ನೋಡಿದ್ದರು. ಗಗನಯಾನಕ್ಕೆ ಆರಿಸಿದ ನಾಲ್ವರಿಗೂ ಅದೇ ಬಾಗಿಲು.

2009ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಆರು ಹೆಸರು ಓದಿದರು. ಅದರಲ್ಲಿ ಮೂವರು ಸೇನೆಯ ಪೈಲಟ್‌ಗಳು. ಒಬ್ಬರು ಪರ್ಮಿತಾನೋ. ಇನ್ನೊಬ್ಬರು ಬ್ರಿಟಿಷ್ ಭೂಸೇನೆಯಲ್ಲಿ ಅಪಾಚೆ ಹೆಲಿಕಾಪ್ಟರ್ ಹಾರಿಸಿದ್ದ ಟಿಮ್ ಪೀಕ್. ಮೂರನೆಯವರು ಸಮಂತಾ ಕ್ರಿಸ್ಟೊಫೊರೆಟ್ಟಿ. ಉಳಿದ ಮೂವರಲ್ಲಿ ಒಬ್ಬರು ಜ್ವಾಲಾಮುಖಿಗಳ ವಿಜ್ಞಾನಿ, ಒಬ್ಬರು ಎಂಜಿನಿಯರ್, ಒಬ್ಬರು ಪ್ರಯಾಣಿಕ ವಿಮಾನದ ಪೈಲಟ್.

ಕ್ರಿಸ್ಟೊಫೊರೆಟ್ಟಿ ಅವರ ದಾರಿ ಸ್ವಲ್ಪ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರಿಗೆ ಚಿಕ್ಕಂದಿನಿಂದ ಹಾರುವ ಆಸೆ. ಆದರೆ ಶಾಲೆ ಮುಗಿಸಿದಾಗ ಇಟಲಿಯ ಸೇನೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ. ಕಾನೂನು ಬದಲಾದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಅವರು ಜರ್ಮನಿಯ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ಓದು ಮುಗಿಸಿ, 2001ರಲ್ಲಿ, 24ನೇ ವಯಸ್ಸಿನಲ್ಲಿ, ಆಗ ತಾನೇ ಶಾಲೆ ಬಿಟ್ಟು ಬಂದ ಹುಡುಗ ಹುಡುಗಿಯರ ಜೊತೆ ಪೊತ್ಸುವೋಲಿಯ ಅಕಾಡೆಮಿಯಲ್ಲಿ ಸಾಲಿಗೆ ನಿಂತರು. ಇಸಾ ಆರಿಸಿದಾಗ ಅವರ ಹಾರಾಟ ಸುಮಾರು 500 ಗಂಟೆ, ಪರ್ಮಿತಾನೋ ಅವರದು 2,000 ದಾಟಿತ್ತು. ಗಂಟೆಗಳ ಲೆಕ್ಕದಲ್ಲೇ ಆರಿಸುವುದಾದರೆ ಆಕೆ ಸಿಗುತ್ತಿರಲಿಲ್ಲ, ಅಲ್ವಾ? 2014ರಲ್ಲಿ ಮೇಲೆ ಹೋಗಿ ಒಂದೇ ಪ್ರಯಾಣದಲ್ಲಿ 199 ದಿನ ಇದ್ದು ಬಂದರು.

ಆರಿಸಿದ ಮಾತ್ರಕ್ಕೆ ರಾಕೆಟ್ ಏರಿಸುವುದಿಲ್ಲ. ಜರ್ಮನಿಯ ಕಲೋನ್‌ನಲ್ಲಿ ಇಸಾದ ಕೇಂದ್ರ ಇದೆ. ಅಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಮೂಲ ತರಬೇತಿ. ರಷ್ಯನ್ ಭಾಷೆ ಕಲಿಯಲೇಬೇಕು, ಯಾಕೆಂದರೆ ಅವರು ಹಾರುವ ಹೊತ್ತಿಗೆ ಹೋಗಿ ಬರಲು ಇದ್ದ ಬಂಡಿ ರಷ್ಯಾದ ಸೊಯುಜ್ ನೌಕೆ ಒಂದೇ. ಅದರೊಳಗಿನ ಗುಂಡಿಗಳ ಮೇಲೆಲ್ಲ ರಷ್ಯನ್. ಆಡುವ ಮಾತೂ ರಷ್ಯನ್. ಎರಡು ಸಾವಿರ ಗಂಟೆ ಹಾರಿಸಿದ ಪೈಲಟ್ ಸಾಹೇಬರು ಅಕ್ಷರಮಾಲೆ ಹಿಡಿದು ಕೂರಬೇಕು. ಫೈಟರ್ ಪೈಲಟ್‌ಗಳಿಗೆ ಕಷ್ಟವಾಗುವುದು ಗುರುತ್ವದ ಒತ್ತಡ ಅಲ್ಲ, ಮತ್ತೆ ಒಂದನೇ ಕ್ಲಾಸಿಗೆ ಸೇರುವುದು ಅಂತ ನನ್ನ ಗುಮಾನಿ.

ಆರು ಜನರಲ್ಲಿ ಮೊದಲು ಹಾರಿದವರು ಪರ್ಮಿತಾನೋ. ಇದರಲ್ಲಿ ಇಟಲಿಯ ವ್ಯವಹಾರಜ್ಞಾನದ ಪಾಲೂ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಿಸುವ ದೊಡ್ಡ ಡಬ್ಬಿಗಳನ್ನು ಇಟಲಿ ಮಾಡಿಕೊಟ್ಟಿತ್ತು, ಅದರ ಬದಲಿಗೆ ನಾಸಾದಿಂದ ಸೀಟು ಪಡೆದಿತ್ತು. 2013ರ ಮೇ 28ರಂದು ಕಝಾಕಿಸ್ತಾನದ ಬೈಕನೂರಿನಿಂದ ಸೊಯುಜ್ ಹೊರಟಿತು. ಆರು ಗಂಟೆಯೊಳಗೆ ನಿಲ್ದಾಣ ಸೇರಿತು. ಅವರಿಗೆ ಆಗ 36 ವರ್ಷ.

ಈಗ ಆ ಸ್ನ್ಯಾಗ್ ವಿಷಯಕ್ಕೆ ಬರೋಣ.

ಜುಲೈ 9ರಂದು ಅವರು ನಿಲ್ದಾಣದಿಂದ ಹೊರಗೆ ಬಂದು ಕೆಲಸ ಮಾಡಿದರು. ಬಾಹ್ಯಾಕಾಶದಲ್ಲಿ ನಡೆದ ಮೊದಲ ಇಟಾಲಿಯನ್. ಒಳಗೆ ವಾಪಸ್ ಬಂದಾಗ ಹೆಲ್ಮೆಟ್ಟಿನಲ್ಲಿ ನೀರು ಕಾಣಿಸಿತು. ಸೂಟಿನೊಳಗೆ ಕುಡಿಯುವ ನೀರಿನ ಚೀಲ ಇರುತ್ತದೆ, ಅದೇ ಸೋರಿರಬೇಕು ಅಂದುಕೊಂಡರು. ಚೀಲ ಬದಲಾಯಿಸಿದರು. ಮುಗಿಯಿತು.

ನಮ್ಮ ಹ್ಯಾಂಗರಿನ ಭಾಷೆಯಲ್ಲಿ ಹೇಳುವುದಾದರೆ, ಕಾರಣ ಹುಡುಕದೆ ಸ್ನ್ಯಾಗ್ ಮುಚ್ಚಿದರು. ನಾನು ಯಾರನ್ನೂ ಬೈಯುತ್ತಿಲ್ಲ. ರಾತ್ರಿ ಎರಡು ಗಂಟೆಗೆ "ಸೀಲ್ ಹೋಗಿರುತ್ತೆ ಬಿಡು, ಹೊಸದು ಹಾಕು" ಅಂತ ನಾನೂ ಅಂದಿದ್ದೇನೆ. ನಂಬಲು ಸುಲಭವಾದ ಕಾರಣ ಒಂದು ಕಣ್ಣೆದುರಿಗೆ ಇದ್ದರೆ ಅದರಾಚೆ ನೋಡಲು ಮನಸ್ಸೇ ಬರುವುದಿಲ್ಲ.

ಒಂದು ವಾರ ಬಿಟ್ಟು, ಜುಲೈ 16ರಂದು, ಅದೇ ಸೂಟಿನಲ್ಲಿ ಮತ್ತೆ ಹೊರಗೆ. ಜೊತೆಗೆ ಅಮೆರಿಕದ ಗಗನಯಾತ್ರಿ ಕ್ರಿಸ್ ಕ್ಯಾಸಿಡಿ. ಮುಕ್ಕಾಲು ಗಂಟೆಯೊಳಗೆ ತಲೆಯ ಹಿಂಭಾಗ ಒದ್ದೆ ಅನಿಸಿತು. ತಕ್ಷಣ ಹೇಳಿದರು. ಬೆವರಾ? ಚೀಲದ್ದಾ? ಅನುಮಾನ ಬೇಡ ಅಂತ ಚೀಲದಲ್ಲಿದ್ದ ನೀರನ್ನೆಲ್ಲ ಕುಡಿದುಬಿಟ್ಟರು. ಆದರೂ ನೀರು ಏರುತ್ತಲೇ ಇತ್ತು. ಸಾಕು, ವಾಪಸ್ ಬನ್ನಿ ಅಂತ ಕೆಳಗಿನಿಂದ ಆದೇಶ ಬಂತು.

ಅಲ್ಲಿ ನೀರು ಕೆಳಗೆ ಇಳಿಯುವುದಿಲ್ಲ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಜಾರಿ ಹೋಗುವುದೂ ಇಲ್ಲ. ಬೆಲ್ಲದ ಪಾಕದ ಹಾಗೆ ಸಿಕ್ಕಿದ್ದಕ್ಕೆ ಅಂಟಿಕೊಂಡು ಹರಡುತ್ತದೆ. ಕೈಯಿಂದ ಒರೆಸೋಣ ಅಂದರೆ ಮುಖಕ್ಕೂ ಕೈಗೂ ನಡುವೆ ಗಾಜು. ಇಬ್ಬರ ಸುರಕ್ಷತಾ ಹಗ್ಗಗಳು ಬೇರೆ ಬೇರೆ ದಾರಿಯಲ್ಲಿ ಹಾದಿದ್ದರಿಂದ ಕ್ಯಾಸಿಡಿ ಒಂದು ಕಡೆಯಿಂದ, ಇವರು ಇನ್ನೊಂದು ಕಡೆಯಿಂದ ಹೊರಟರು. ದಾರಿಯಲ್ಲಿ ಒಂದು ಆಂಟೆನಾ ತಪ್ಪಿಸಲು ಮೈ ತಲೆಕೆಳಗು ಮಾಡಿದರು. ಅಷ್ಟರಲ್ಲೇ ಸೂರ್ಯ ಮುಳುಗಿದ. ನೀರು ಕಣ್ಣು ಮುಚ್ಚಿತು, ಮೂಗು ಮುಚ್ಚಿತು. ಕಿವಿಯ ಸ್ಪೀಕರಿಗೂ ಹೊಕ್ಕಿತು. ಇವರು ಹೇಳುವುದು ಅವರಿಗೆ ಕೇಳುತ್ತಿಲ್ಲ, ಅವರು ಹೇಳುವುದು ಇವರಿಗೆ ಕೇಳುತ್ತಿಲ್ಲ.

ಎಂಟು ವರ್ಷದ ಹಿಂದಿನ ಆ ಎಎಂಎಕ್ಸ್ ನೆನಪಿದೆಯಾ? ರೇಡಿಯೋ ಇಲ್ಲ, ಕಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಇನ್ನೂ ಏನು ಸರಿಯಾಗಿದೆ?

ಒಂದು ಸರಿಯಾಗಿತ್ತು. ಸೊಂಟದ ಹಗ್ಗ. ಅದು ಸುಮ್ಮನೆ ಹಗ್ಗ ಅಲ್ಲ. ಸ್ಪ್ರಿಂಗ್ ಇರುವ ಸುರುಳಿಗೆ ಸುತ್ತಿದ ತಂತಿ, ಇನ್ನೊಂದು ತುದಿ ಬಾಗಿಲ ಹತ್ತಿರ. ಸ್ಪ್ರಿಂಗ್ ಸದಾ ಸಣ್ಣಗೆ ಎಳೆಯುತ್ತಿರುತ್ತದೆ. ಆ ಎಳೆತ ಯಾವ ಕಡೆಗಿದೆ ಅಂತ ಮೈಯಲ್ಲೇ ಗುರುತಿಸಿ, ಅದೇ ದಿಕ್ಕಿಗೆ ಕೈ ಊರುತ್ತಾ ಹೋದರು. ನೀರು ಬಾಯಿಗೂ ಬಂದರೆ ಹೆಲ್ಮೆಟ್ಟಿನ ಪಕ್ಕದ ವಾಲ್ವ್ ತೆರೆದು ಒಂದಿಷ್ಟು ಗಾಳಿಯ ಜೊತೆ ನೀರನ್ನೂ ಹೊರಗೆ ಬಿಡುವುದು ಅಂತ ಕೊನೆಯ ಉಪಾಯ ಕೂಡ ಲೆಕ್ಕ ಹಾಕಿಟ್ಟುಕೊಂಡಿದ್ದರು. ಅದು ಬೇಕಾಗಲಿಲ್ಲ. ಬಾಗಿಲು ಮುಚ್ಚಿ ಗಾಳಿ ತುಂಬುವಾಗ ಕ್ಯಾಸಿಡಿ ಪರ್ಮಿತಾನೋ ಅವರ ಕೈ ಹಿಡಿದು ಅದುಮಿದರು. ಇವರು ತಿರುಗಿ ಅದುಮಿದರು. ಬದುಕಿದ್ದೇನೆ ಅಂತ ಹೇಳಲು ಇದ್ದ ದಾರಿ ಅದೊಂದೇ. ಹೆಲ್ಮೆಟ್ ತೆಗೆದಾಗ ಸುಮಾರು ಒಂದೂವರೆ ಲೀಟರ್ ನೀರು. ದೊಡ್ಡ ಚೊಂಬು ತುಂಬುವಷ್ಟು.

ಕಾರಣ ಕೇಳಿ. ಮೈ ತಂಪಾಗಿಡಲು ಆ ಸೂಟಿನ ಒಳಬಟ್ಟೆಯಲ್ಲಿ ಸಣ್ಣ ಕೊಳವೆಗಳಲ್ಲಿ ನೀರು ಹರಿಯುತ್ತದೆ. ಬೆನ್ನಿನ ಪೆಟ್ಟಿಗೆಯಲ್ಲಿ ಒಂದೇ ಮೋಟಾರು ಫ್ಯಾನನ್ನೂ ಪಂಪನ್ನೂ, ಗಾಳಿಯಿಂದ ನೀರು ಬೇರೆ ಮಾಡುವ ಡ್ರಮ್ಮನ್ನೂ ತಿರುಗಿಸುತ್ತದೆ. ಆ ಡ್ರಮ್ಮಿನ ಸಣ್ಣ ತೂತುಗಳಲ್ಲಿ ಸಿಲಿಕಾ ಕಟ್ಟಿಕೊಂಡಿತ್ತು. ನಮ್ಮ ಬೋರ್‌ವೆಲ್ ನೀರಿಗೆ ಗೀಸರಿನಲ್ಲಿ ಬಿಳಿ ಹೊಪ್ಪಳೆ ಕೂರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ನೀರು ಹೋಗಬೇಕಾದ ಕಡೆ ಹೋಗದೆ ಗಾಳಿಯ ಜೊತೆ ಸೇರಿ ತಲೆಯ ಹಿಂದಿನ ಕಿಂಡಿಯಿಂದ ಹೊರಟಿತು. ಜುಲೈ 9ರಂದು ಕಂಡ ನೀರನ್ನು ಸರಿಯಾಗಿ ವಿಚಾರಿಸಲಿಲ್ಲ ಅನ್ನುವುದನ್ನು ನಾಸಾದ ತನಿಖಾ ವರದಿಯೇ ಒಪ್ಪಿಕೊಂಡಿತು. ಆಮೇಲೆ ಹೆಲ್ಮೆಟ್ಟಿನ ಹಿಂಭಾಗದಲ್ಲಿ ನೀರು ಹೀರುವ ಪ್ಯಾಡ್ ಇಟ್ಟರು. ಬಾಯಿಗೆ ನೀರು ಬಂದರೂ ಕೆಳಗಿನಿಂದ ಉಸಿರೆಳೆಯಲಿ ಅಂತ ಒಂದು ಪ್ಲಾಸ್ಟಿಕ್ ಕೊಳವೆಯನ್ನೂ ಸೇರಿಸಿದರು. ಕೋಟಿಗಟ್ಟಲೆ ಬೆಲೆಯ ಸೂಟಿಗೆ ಸಿಕ್ಕ ಪರಿಹಾರ ಒಂದು ಒರೆಸುಬಟ್ಟೆ, ಒಂದು ಸ್ಟ್ರಾ. ನನಗಂತೂ ಇದು ಬಹಳ ಇಷ್ಟವಾಯಿತು.

ಪರ್ಮಿತಾನೋ 2019ರಲ್ಲಿ ಮತ್ತೆ ಹೋದರು. ಈ ಸಲ ನಿಲ್ದಾಣದ ಕಮಾಂಡರ್ ಕೂಡ ಆದರು. ಇಟಲಿಗೆ ಮೊದಲನೆಯವರು, ಯೂರೋಪಿಗೆ ಮೂರನೆಯವರು. ಆದರೆ ನನಗೆ ಮುಖ್ಯ ಅನಿಸುವುದು ಆ ಪದವಿ ಅಲ್ಲ. ನಿಲ್ದಾಣದ ಹೊರಗೆ ಎಎಂಎಸ್ ಅನ್ನುವ ದೊಡ್ಡ ಉಪಕರಣ ಇದೆ, ಬಾಹ್ಯಾಕಾಶದಿಂದ ಬರುವ ಕಣಗಳನ್ನು ಎಣಿಸುವಂಥದ್ದು. ಅದರ ತಂಪು ಮಾಡುವ ಪಂಪುಗಳು ಕೆಟ್ಟಿದ್ದವು. ಮೇಲೆ ರಿಪೇರಿ ಮಾಡಲಿ ಅಂತ ಅದನ್ನು ಕಟ್ಟಿಯೇ ಇರಲಿಲ್ಲ. ನಾಲ್ಕು ಸಲ ಹೊರಗೆ ಹೋಗಿ, ದಪ್ಪ ಕೈಗವಸು ಹಾಕಿಕೊಂಡು, ತೆಳು ಸ್ಟೀಲ್ ಕೊಳವೆಗಳನ್ನು ಕತ್ತರಿಸಿ, ಹೊಸ ಪಂಪಿಗೆ ಜೋಡಿಸಬೇಕಿತ್ತು. ಮುಳುಗಿ ಸಾಯಬೇಕಿದ್ದ ಮನುಷ್ಯ ನಾಲ್ಕೂ ಸಲ ಅದೇ ಥರದ ಸೂಟು ಹಾಕಿಕೊಂಡು ಮುಂದಾಳಾಗಿ ಹೋದರು.

ಕೊನೆಯ ಸಲ, 2020ರ ಜನವರಿ 25ರಂದು, ಎಂಟು ಕೊಳವೆಗಳ ಜೋಡಣೆಯನ್ನೂ ಒಂದೊಂದಾಗಿ ಪರೀಕ್ಷಿಸಿದರು. ಅದರಲ್ಲೊಂದು ಸೋರುತ್ತಿತ್ತು. ನಟ್ಟು ಬಿಗಿ ಮಾಡಿದರು. ಬಿಗಿ ಮಾಡಿದೆ, ಆಯಿತು ಅಂತ ಹೊರಟುಬಿಡಲಿಲ್ಲ. ಒಂದು ಗಂಟೆ ಕಾದರು, ಮತ್ತೆ ನೋಡಿದರು. ಕೊನೆಗೆ ಸೋರುವುದು ನಿಂತಿತು. ಸಹಿ ಹಾಕಲು ಅಲ್ಲಿ ಫಾರ್ಮ್ 700 ಇರಲಿಲ್ಲ ಅಷ್ಟೇ.

ಪ್ರಶ್ನೆ ಇದ್ದರೆ ಕೇಳಿ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿರುವ ಮರಿಯಿಂದಲೇ ಶುರು ಮಾಡೋಣ.