ಒಂದು ಹೆಸರಿನ ತೂಕ 8 ವರ್ಷ! ಇಂಟರ್‌ನ್ಯಾಷನಲ್ ಸ್ಕೂಲ್‌ಗಳಲ್ಲಿ ಹೆಡ್ ಕುರ್ಚಿ ಯಾರಿಗೆ ಸಿಗುತ್ತೆ?

[ಸ್ಕ್ರೀನ್ ಮೇಲೆ: ಗೋಡೆಯಲ್ಲಿ ಸಾಲಾಗಿ ಫೋಟೋ ಫ್ರೇಮ್‌ಗಳು]

ಎಲ್ಲರಿಗೂ ನಮಸ್ಕಾರ. ನಮ್ಮ ವೀಕ್ಷಕರಲ್ಲಿ ಒಬ್ಬರು ಇಂಟರ್‌ನ್ಯಾಷನಲ್ ಸ್ಕೂಲ್‌ನಲ್ಲಿ ಟೀಚರ್. ಅವರ ಪ್ರಶ್ನೆ ಒಂದು ವಾರದಿಂದ ನನ್ನ ತಲೆಯಲ್ಲೇ ಕೂತಿದೆ. “ನನ್ನ ಕ್ಲಾಸಿನಲ್ಲಿ ಹತ್ತಾರು ದೇಶದ ಮಕ್ಕಳಿದ್ದಾರೆ. ಆದರೆ ಆಫೀಸ್ ಗೋಡೆಯ ಮೇಲಿರೋ ಹಳೇ ಹೆಡ್‌ಗಳ ಫೋಟೋ ನೋಡಿದ್ರೆ, ಎಲ್ಲರೂ ಬಿಳಿ ಗಂಡಸರೇ, ಒಂದೇ ಮನೆಯವರ ಥರ ಕಾಣ್ತಾರೆ. ಯಾಕೆ?”

ಹಿನ್ನೆಲೆ ಬೇಗ ಮುಗಿಸೋಣ. 1924ರಲ್ಲಿ ಜಿನೀವಾದಲ್ಲಿ ಒಂದು ಸ್ಕೂಲ್ ಶುರುವಾಯಿತು, ವಿಶ್ವಸಂಸ್ಥೆಗಿಂತ ಮೊದಲಿದ್ದ ಲೀಗ್ ಆಫ್ ನೇಷನ್ಸ್ ನೌಕರರ ಮಕ್ಕಳಿಗಾಗಿ. ಅದೇ ವರ್ಷ ಯೊಕೊಹಾಮಾದಲ್ಲಿ ಇನ್ನೊಂದು. 1968ರಲ್ಲಿ ಐಬಿ ಬಂತು, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ಬೇರೆ ಬೇರೆ ದೇಶಗಳ ಸ್ಕೂಲ್‌ಗಳಿಗೆ ಒಂದೇ ಪಠ್ಯಕ್ರಮ. ಆಗ ಮಕ್ಕಳೂ ಹೊರಗಿನವರು, ಟೀಚರ್‌ಗಳೂ ಹೊರಗಿನವರು. ಈಗ ಇಂಥ ಸ್ಕೂಲ್‌ಗಳು ಜಗತ್ತಿನಲ್ಲಿ 10,000ಕ್ಕೂ ಜಾಸ್ತಿ. ಓದುವವರಲ್ಲಿ ಹೆಚ್ಚಿನವರು ಆಯಾ ದೇಶದ ಮಕ್ಕಳೇ. ಮಕ್ಕಳು ಬದಲಾದರು, ಗೋಡೆಯ ಫೋಟೋಗಳು ಅಷ್ಟಾಗಿ ಬದಲಾಗಲಿಲ್ಲ.

ಈಗ ನನ್ನನ್ನು ನಿದ್ದೆಗೆಡಿಸಿದ ವಿಷಯಕ್ಕೆ ಬರ್ತೀನಿ.

[ಸ್ಕ್ರೀನ್ ಮೇಲೆ: ಎರಡು ರೆಸ್ಯೂಮೆ, ಅಕ್ಕಪಕ್ಕ]

ಈ ಎರಡು ಹಾಳೆ ನೋಡಿ. ಓದು ಒಂದೇ ಮಟ್ಟದ್ದು, ಅನುಭವವೂ ಅಷ್ಟೇ. ಒಂದರ ಮೇಲೆ ಎಮಿಲಿ ಅಂತ ಹೆಸರು. ಇನ್ನೊಂದರ ಮೇಲೆ ಲಕೀಶಾ. ಅಮೆರಿಕದಲ್ಲಿ ಮೊದಲನೆಯದು ಬಿಳಿಯರ ಹೆಸರು, ಎರಡನೆಯದು ಕಪ್ಪು ಜನರ ಹೆಸರು ಅಂತ ಕೇಳಿದ ಕೂಡಲೇ ಗೊತ್ತಾಗುತ್ತೆ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಹೀಗೆ ಸುಮಾರು 5,000 ರೆಸ್ಯೂಮೆ ತಯಾರಿಸಿ, ಬಾಸ್ಟನ್ ಮತ್ತು ಶಿಕಾಗೋದ ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳಿಗೆ ಕಳಿಸಿದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಳಿಯರ ಹೆಸರಿದ್ದವುಗಳಿಗೆ ಶೇ. 50ರಷ್ಟು ಜಾಸ್ತಿ ಕರೆ ಬಂದಿತ್ತು.

ಇದನ್ನು ಹೀಗೆ ನೋಡಿ. ಕರೆ ಬರುವ ಲೆಕ್ಕದಲ್ಲಿ, ಒಂದು ಹೆಸರು 8 ವರ್ಷದ ಅನುಭವಕ್ಕೆ ಸಮ. ಎಂಟು ವರ್ಷ! ಒಂದನೇ ಕ್ಲಾಸಿಗೆ ಸೇರಿದ ಮಗು ಎಂಟನೇ ಕ್ಲಾಸ್ ಮುಗಿಸುತ್ತೆ. ಅಷ್ಟು ದಿನ ದುಡಿದು ಗಳಿಸಬೇಕಾದ್ದು ಇನ್ನೊಬ್ಬರಿಗೆ ನಾಮಕರಣದ ದಿನವೇ ಸಿಕ್ಕಿಬಿಟ್ಟಿದೆ.

ಇನ್ನೂ ಎರಡು ಮಾತು ಇದರಲ್ಲೇ ಇದೆ, ಬಿಡೋಕೆ ಮನಸ್ಸಿಲ್ಲ. ರೆಸ್ಯೂಮೆಯನ್ನು ಇನ್ನಷ್ಟು ಗಟ್ಟಿ ಮಾಡಿದಾಗ ಎಮಿಲಿಗೆ ಒಳ್ಳೇ ಲಾಭವಾಯಿತು, ಲಕೀಶಾಗೆ ಅಷ್ಟು ಆಗಲಿಲ್ಲ. “ಇನ್ನೊಂದು ಡಿಗ್ರಿ ಮಾಡಿಕೊಳ್ಳಿ, ಎಲ್ಲಾ ಸರಿಹೋಗುತ್ತೆ” ಅನ್ನೋ ಉಪದೇಶ ಎಷ್ಟು ಪೊಳ್ಳು ಅಂತ ಇಲ್ಲೇ ಕಾಣುತ್ತೆ. ಎರಡನೆಯದು, ಜಾಹೀರಾತಿನಲ್ಲಿ “ನಾವು ಎಲ್ಲರಿಗೂ ಸಮಾನ ಅವಕಾಶ ಕೊಡುತ್ತೇವೆ” ಅಂತ ಬರೆದುಕೊಂಡ ಕಂಪನಿಗಳೂ ಉಳಿದವರಷ್ಟೇ ಭೇದ ಮಾಡಿದ್ದವು. ಸ್ಕೂಲ್ ವೆಬ್‌ಸೈಟ್‌ಗಳಲ್ಲಿ ವೈವಿಧ್ಯದ ಬಗ್ಗೆ ಇರುವ ಚೆಂದದ ಸಾಲು ಓದುವಾಗ ಇದು ನೆನಪಿರಲಿ.

ಇದು ಗುಮಾಸ್ತರು, ಸೇಲ್ಸ್‌ನವರಂಥ ಕೆಲಸಗಳ ಅಧ್ಯಯನ, ಸ್ಕೂಲ್ ಹೆಡ್‌ಗಳದ್ದಲ್ಲ, ನಿಜ. ಆದರೆ ಅಲ್ಲಿ ಹೆಸರು ಮಾತ್ರ ಇತ್ತು. ಇಂಟರ್‌ನ್ಯಾಷನಲ್ ಸ್ಕೂಲ್ ಅರ್ಜಿಯಲ್ಲಿ ಎಷ್ಟೋ ಕಡೆ ಫೋಟೋ ಕೇಳುತ್ತಾರೆ, ಯಾವ ದೇಶದ ಪಾಸ್‌ಪೋರ್ಟ್ ಅಂತ ಕೇಳುತ್ತಾರೆ, ಮದುವೆಯಾಗಿದೆಯಾ ಅಂತಲೂ ಕೇಳುತ್ತಾರೆ. ಅನುಭವದ ಪುಟ ತಿರುಗಿಸುವ ಮೊದಲೇ ಮುಖ ಎದುರಿಗಿದೆ, ಅಲ್ವಾ?

ಪಾಸ್‌ಪೋರ್ಟ್ ವಿಷಯ ಕೆಳಗಿನ ಮೆಟ್ಟಿಲಿನಿಂದಲೇ ಶುರು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರ ಇ-2 ವೀಸಾ ಹೆಚ್ಚುಕಡಿಮೆ 7 ದೇಶದವರಿಗೇ ಮೀಸಲು. ನೈಜೀರಿಯಾದ ಆಡಳಿತ ಭಾಷೆ ಇಂಗ್ಲಿಷೇ, ಆದರೂ ಅದು ಆ ಪಟ್ಟಿಯಲ್ಲಿಲ್ಲ. ಟೀಚರ್ ಆಗಿ ಒಳಗೆ ಬಂದವರೇ ಮುಂದೆ ಕೋಆರ್ಡಿನೇಟರ್, ಪ್ರಿನ್ಸಿಪಾಲ್, ಹೆಡ್ ಆಗೋದು. ಉಳಿದವರನ್ನು ಬಾಗಿಲಲ್ಲೇ ತಡೆದು, ಹದಿನೈದು ವರ್ಷ ಆದಮೇಲೆ “ಅರ್ಹರು ಯಾರೂ ಸಿಗಲಿಲ್ಲ” ಅಂದರೆ ಹೇಗೆ?

“ಪೋಷಕರು ಬಿಳಿಯರನ್ನೇ ಕೇಳ್ತಾರೆ” ಅನ್ನೋ ಉತ್ತರವೂ ಸಿಗುತ್ತೆ. ನಾನು ಒಪ್ಪಲ್ಲ. ವರ್ಷಗಟ್ಟಲೆ ಬ್ರೋಷರ್‌ನಲ್ಲಿ ಒಂದೇ ಥರದ ಮುಖ ತೋರಿಸಿದವರು ಸ್ಕೂಲಿನವರೇ. ತಾವೇ ಕಲಿಸಿದ ರುಚಿಗೆ ಪೋಷಕರನ್ನು ಯಾಕೆ ದೂರಬೇಕು?

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳಿಬಿಡ್ತೀನಿ. ಅಮೆರಿಕದ ಒಂದು ವಿಶ್ವವಿದ್ಯಾಲಯದ ನೇಮಕಾತಿಗಳ ವಿಶ್ಲೇಷಣೆ 2016ರಲ್ಲಿ ಬಂತು. ಕೊನೆಯ ಸುತ್ತಿನಲ್ಲಿ ಒಬ್ಬರೇ ಮಹಿಳೆ ಇದ್ದರೆ ಅವರಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಶೂನ್ಯ. ಇಬ್ಬರಾದ ಕೂಡಲೇ ಲೆಕ್ಕವೇ ಬೇರೆ. ಹಾಗಾಗಿ ಲೆಕ್ಕಕ್ಕೊಬ್ಬರು ಅಂತ ಸುಮ್ನೆ ಕೂರಿಸಿದರೆ ಪ್ರಯೋಜನವಿಲ್ಲ. ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು. ಪ್ಯಾನೆಲ್‌ನವರು ತಮ್ಮೊಳಗೆ ಮಾತಾಡುವ ಮೊದಲೇ ಅಂಕ ಬರೆದಿಡಬೇಕು. “ನಮ್ಮ ಸ್ಕೂಲಿಗೆ ಹೊಂದಲ್ಲ ಅನ್ನಿಸ್ತು” ಅಂತ ಯಾರಾದರೂ ಅಂದರೆ, ಯಾವ ಉತ್ತರದಲ್ಲಿ ಹಾಗನ್ನಿಸ್ತು ಅಂತ ಅಲ್ಲೇ ಕೇಳಬೇಕು.

ಪ್ರಶ್ನೆ ಕಳಿಸಿದ ಟೀಚರ್‌ಗೆ ಒಂದು ಮಾತು. ನಿಮ್ಮ ಸ್ಕೂಲಿನ ಅರ್ಜಿ ಫಾರ್ಮ್ ತೆಗೆದು ನೋಡಿ, ಫೋಟೋ ಅಂಟಿಸುವ ಚೌಕ ಇದೆಯಾ ಅಂತ. ಇದ್ದರೆ, ಅದು ಯಾಕೆ ಬೇಕು ಅಂತ ಮುಂದಿನ ಮೀಟಿಂಗ್‌ನಲ್ಲಿ ಕೇಳಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ. ಒಂದೇ ಕೆಲಸಕ್ಕೆ ಹೊರಗಿನಿಂದ ಬಂದವರಿಗೊಂದು ಸಂಬಳ, ಅಲ್ಲಿಯವರಿಗೊಂದು ಸಂಬಳ ಇರುತ್ತಲ್ಲ, ಅದು ಮುಂದಿನ ವಿಡಿಯೋಗೆ.