ಕೇಕಿಗೆ ಪ್ಲಾಸ್ಟಿಕ್ ಚಾಕು ಸಾಕು, ತಮ್ಮಾ!

ನಮಸ್ಕಾರ್ರೀ ಎಲ್ಲರಿಗೂ. ವಿಜಯಪುರದಿಂದ ನಿಮ್ಮ ಕಾಕಾ.

ಇವತ್ತು ಊರಿನ ಹಳೆಯ ಬಾವಿಗಳ ಬಗ್ಗೆ ಮಾತಾಡಬೇಕಿತ್ತು. ನಾಲ್ಕು ಪುಟ ಬರೆದಿಟ್ಟಿದ್ದೆ. ಬೆಳಗ್ಗೆ ಒಂದು ಕಮೆಂಟ್ ಓದಿದೆ ನೋಡಿ, ಕೈಯಲ್ಲಿದ್ದ ಚಹಾ ತಣ್ಣಗಾಯಿತು, ನಾನು ಬಿಸಿಯಾದೆ. ಬಾವಿ ಎಲ್ಲೂ ಹೋಗುವುದಿಲ್ಲ, ಮುಂದಿನ ವಾರ ನೋಡೋಣ.

ಹೋದ ಸಲ ನಾನು ಹೇಳಿದ್ದು ಒಂದೇ ಮಾತು. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಬೇಡಿ. ಬೇಕರಿಯವನು ಪ್ಲಾಸ್ಟಿಕ್ ಚಾಕು ಪುಕ್ಕಟೆ ಕೊಡುತ್ತಾನೆ, ಅದು ಸಾಕು. ಅಷ್ಟೇ. ಅದಕ್ಕೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಕಾಕಾ, ತಲವಾರು ನಮ್ಮ ಸಂಸ್ಕೃತಿ ಐತಿ. ನಿಮ್ಮಂಥ ಪುಕ್ಕಲರಿಗೆ ತಿಳಿಯೂದಿಲ್ಲ." ಅದಕ್ಕೆ ಮುನ್ನೂರು ಲೈಕು! ನನ್ನ ವಿಡಿಯೋಕ್ಕೇ ಅಷ್ಟು ಬಂದಿಲ್ಲ. ಹಾಂ, ನೆನಪಾಯಿತು, ಲೈಕ್ ಒತ್ತಿ. ಬಿಟ್ಟಿ ಇದೆ, ಬೇಕರಿ ಚಾಕುವಿನ ಹಾಗೆ.

ಸರಿ, ಸಂಸ್ಕೃತಿ ಅಂದೆಯಲ್ಲ, ಬಾ. ನಮ್ಮೂರಲ್ಲೇ ಷೇರ್ಜಾ ಬುರುಜಿದೆ. ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. ನೀನು ಅದರ ಮೇಲೆ ಕೈ ಇಟ್ಟು ಫೋಟೋ ತೆಗೆಸಿಕೊಂಡಿರುತ್ತೀಯ, ಗೊತ್ತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ತೂಕ ಸುಮಾರು 55 ಟನ್. ಬಾಯಿ ನೋಡಿದ್ದೀಯಾ? ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ ಸಿಕ್ಕಿಹಾಕಿಕೊಂಡಿದೆ. 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. 10 ಆನೆ, 400 ಎತ್ತು ಎಳೆದವು ಅಂತ ಹೇಳುತ್ತಾರೆ.

ಈಗ ಗೈಡ್‌ಗಳು ಹೇಳುವ ಕತೆ ಕೇಳು. ತೋಪಿಗೆ ಬೆಂಕಿ ಕೊಟ್ಟವನು ಓಡಿಹೋಗಿ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಸದ್ದಿಗೆ ಕಿವಿ ಹರಿದುಹೋಗಬಾರದು ಅಂತ. ನಿಜವೋ ಸುಳ್ಳೋ, ಕತೆ ಕಟ್ಟಿದವನಿಗೆ ಬುದ್ಧಿ ಇತ್ತು. ಆಯುಧ ಗೊತ್ತಿದ್ದವನು ಮೊದಲು ಅದಕ್ಕೆ ಹೆದರುತ್ತಿದ್ದ. ನೀನು ಹೆದರುವುದಿಲ್ಲ, ಯಾಕೆಂದರೆ ನಿನಗೆ ಅದು ಗೊತ್ತಿಲ್ಲ. ಕೇಕಿಗೆ ಪ್ಲಾಸ್ಟಿಕ್ ಚಾಕು ಸಾಕು.

ಅಂದಹಾಗೆ, 1854ರಲ್ಲಿ ಬ್ರಿಟಿಷರು ಇದೇ ತೋಪನ್ನು ಹರಾಜಿಗಿಟ್ಟಿದ್ದರು. ಕೂಗಿದ ಬೆಲೆ 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು. ಇಂಥ ಕತೆ ಇನ್ನೂ ಬೇಕಾದರೆ ಭಾನುವಾರ ಬೆಳಗ್ಗೆ ಆರಕ್ಕೆ ಬುರುಜಿನ ಹತ್ತಿರ ಬನ್ನಿ. ನಾನೇ ನಡೆಸುವ ನಡಿಗೆ. ತಲೆಗೆ ನೂರು ರೂಪಾಯಿ, ಚಹಾ ನನ್ನದು. ತಲವಾರು ತರಬೇಡಿ.

ಇನ್ನೊಬ್ಬನ ಕಮೆಂಟು. ಡಿಪಿಯಲ್ಲಿ ಕಿತ್ತೂರು ಚೆನ್ನಮ್ಮ, ಕೈಯಲ್ಲಿ ಕತ್ತಿ. "ಚೆನ್ನಮ್ಮ ಪ್ಲಾಸ್ಟಿಕ್ ಚಾಕು ಹಿಡಿದಿದ್ದಳೇನ್ರೀ?" ವಾಹ್, ಭಾರೀ ಕೇಳಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಗುಂಡಿಗೆ, ತಲವಾರಿಗಲ್ಲ. ಗುರಿ ಇಟ್ಟವನು ಅಮಟೂರು ಬಾಳಪ್ಪ ಅಂತಲೇ ನಾವು ಕೇಳಿಕೊಂಡು ಬಂದಿದ್ದೇವೆ. ಒಂದು ಸಂಸ್ಥಾನ ಉಳಿಸಿಕೊಳ್ಳಲು ಆಯುಧ ಎತ್ತಿದವರು ಅವರು. ನೀನು ಎತ್ತಿದ್ದು ಒಂದು ಕೇಜಿ ಪೈನಾಪಲ್ ಕೇಕಿನ ಮೇಲೆ. ಅದು ನಿನಗೆ ಏನು ಮಾಡಿತ್ತು?

ಮೂರನೆಯವನು ಸ್ವಲ್ಪ ಓದಿದವನು. "ಹಲಗಲಿ ಬೇಡರ ಆಯುಧ ಕಸಿದುಕೊಳ್ಳಲು ಬ್ರಿಟಿಷರು ಬಂದಿದ್ದರು. ನೀವೂ ಅದನ್ನೇ ಹೇಳುತ್ತಿದ್ದೀರಿ" ಅಂದ. ಇದನ್ನು ಓದಿ ನಿಜವಾಗಿಯೂ ಸಿಟ್ಟು ಬಂತು ನನಗೆ. ಮುಧೋಳದ ಕಡೆಯ ಹಲಗಲಿ, ಬಾಗಲಕೋಟೆ ಜಿಲ್ಲೆ. 1857. ಬೇಡರಿಗೆ ಆಯುಧ ಅಂದರೆ ಬೇಟೆ, ಬೇಟೆ ಅಂದರೆ ಊಟ. ಕೊಡುವುದಿಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, ಸಿಕ್ಕವರನ್ನು ಗಲ್ಲಿಗೇರಿಸಿದರು. ಇವತ್ತಿಗೂ ಲಾವಣಿ ಹಾಡುತ್ತಾರೆ, ಕೇಳಿದರೆ ಗಂಟಲು ಕಟ್ಟುತ್ತದೆ. ಅವರ ಹೆಸರು ಹೇಳಿ ಡಿಜೆ ಮುಂದೆ ಕುಣಿಯುತ್ತೀಯಾ? ಅವರ ಹೊಟ್ಟೆಪಾಡು ಎಲ್ಲಿ, ನಿನ್ನ ರೀಲ್ಸ್ ಎಲ್ಲಿ?

ಖಂಡೇನವಮಿ ದಿನ ನಾವೂ ಪೂಜೆ ಮಾಡುತ್ತೇವೆ. ನಮ್ಮಪ್ಪ ಕುಡಗೋಲು, ಕೊಡಲಿ, ಕುರುಪಿ ಎಲ್ಲ ತೊಳೆದು ಸಾಲಾಗಿ ಇಡುತ್ತಿದ್ದ. ಅವತ್ತು ಅವನ್ನು ಮುಟ್ಟಬಾರದು. ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ವೀರಭದ್ರನ ಕುಣಿತದ ಪುರವಂತರು ಕತ್ತಿ ಹಿಡಿಯುತ್ತಾರಲ್ಲ ಅನ್ನಬೇಡ. ಅವರು ದೇವರನ್ನು ಹೊಗಳುವ ಒಡಪು ಹೇಳಿ ಹಿಡಿಯುತ್ತಾರೆ. ನೀನು ಒಂದು ಒಡಪು ಹೇಳು ನೋಡೋಣ. ಬರಲ್ಲ ಅಲ್ವಾ? ಹಾಗಾದರೆ ಪ್ಲಾಸ್ಟಿಕ್ ಚಾಕು!

ಕಾನೂನು ಬೇಕಾ? 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಆ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿ ತಲವಾರಿನ ಹೆಸರೂ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಚಾಕುವೂ ಅದೇ ಸಾಲಿಗೆ ಸೇರುತ್ತದೆ. ಮನೆ, ಹೊಲ, ಕಾರ್ಖಾನೆ ಕೆಲಸದ್ದಕ್ಕೆ ವಿನಾಯಿತಿ. ರೈತನ ಕುಡಗೋಲು ಯಾರೂ ಕಸಿದುಕೊಳ್ಳುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮದುವೆ, ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗುಂಡು ಹಾರಿಸಿದರೆ 2 ವರ್ಷದ ತನಕ ಜೈಲು, ಇಲ್ಲ 1 ಲಕ್ಷದ ತನಕ ದಂಡ, ಇಲ್ಲ ಎರಡೂ ಅಂತ ಸೇರಿಸಿದರು. ಖುಷಿಗೆ ಅಂತ ಮೇಲೆ ಹಾರಿಸಿದ ಗುಂಡು ಮೇಲೇ ಉಳಿಯುವುದಿಲ್ಲವಲ್ಲ. "ಅಮೆರಿಕದಲ್ಲಿ ಬಂದೂಕು ಹಕ್ಕು ಕಾಕಾ" ಅಂತ ಒಬ್ಬ. ಹೋಗಪ್ಪಾ, ಅಲ್ಲೇ ಹೋಗು. ಅಲ್ಲೂ ಕೇಕಿನ ಜೊತೆ ಚಾಕು ಕೊಡುತ್ತಾರೆ.

ಮತ್ತೊಬ್ಬನ ಕಮೆಂಟು: "ಪೊಲೀಸರು ಬರುವ ತನಕ ನಮ್ಮನ್ನು ಕಾಯುವವರು ಯಾರು?" ಯಾರಿಂದ ಕಾಯಬೇಕು, ಕೇಕಿನಿಂದಾ?

ಇದನ್ನೆಲ್ಲ ಸುಮ್ನೆ ಹೇಳುತ್ತಿಲ್ಲ. ಕಳೆದ ತಿಂಗಳು ನಮ್ಮ ಓಣಿಯಲ್ಲಿ ನಡೆದದ್ದು ಕೇಳಿ. ಬೈಕಿನ ಸೀಟಿನ ಮೇಲೆ ಕೇಕು. ಹಿಂದೆ ಫ್ಲೆಕ್ಸು, ಅದರಲ್ಲಿ ಹುಡುಗನಿಗೆ ಅವನಿಗಿಂತ ದೊಡ್ಡ ಮೀಸೆ. ತಲವಾರು ಯಾರದೋ ಅಟ್ಟದಿಂದ ಇಳಿಸಿದ್ದು, ತುಕ್ಕು ಹಿಡಿದಿತ್ತು. ಬಿಳಿ ಕ್ರೀಮಿನ ಮೇಲೆ ಕಂದು ಗೆರೆ ಬಿತ್ತು. ಅದನ್ನೇ ತಿಂದರು! ಆಮೇಲೆ ಹುಟ್ಟುಹಬ್ಬದ ಹುಡುಗ ಜೋಶ್‌ನಲ್ಲಿ ತಲವಾರು ಎತ್ತಿ ತಿರುಗಿಸಿದ. ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿದ್ದವನು ನಮ್ಮ ಅಣ್ಣನ ಮಗ. ಎಂಟನೇ ಕ್ಲಾಸು. ಮಣಿಕಟ್ಟಿಗೆ ತಾಗಿತು. ನಾಲ್ಕು ಹೊಲಿಗೆ. ಡಾಕ್ಟರು ಏನಾಯಿತು ಅಂದರೆ "ಬಾಗಿಲು ಬಡೀತು" ಅಂದ. ಗಾಯದಲ್ಲಿ ಕ್ರೀಮ್ ಇತ್ತು. ಬಾಗಿಲಿಗೆ ಯಾರ್ರೀ ಕ್ರೀಮ್ ಹಚ್ಚುತ್ತಾರೆ?

ಆ ರೀಲ್ಸ್ ಇನ್ನೂ ಹಾಗೇ ಇದೆ. ಕೊನೆಯಲ್ಲಿ ಮೊಬೈಲ್ ಕೆಳಗೆ ಬಿದ್ದದ್ದೂ ಕಾಣುತ್ತದೆ. ಕೆಳಗೆ ಬೆಂಕಿ ಎಮೋಜಿಗಳು.

ಇನ್ನೂ ಎರಡು ಪುಟ ಇದೆ ನನ್ನ ಹತ್ತಿರ. ರಕ್ಕಸಗಿ, ತಂಗಡಗಿ, 1565ರ ತಾಳಿಕೋಟೆ ಯುದ್ಧ, ತೋಪಿಗೆ ತಾಮ್ರದ ದುಡ್ಡು ತುಂಬಿ ಹೊಡೆದದ್ದು, ಇತಿಹಾಸಕಾರ ಫೆರಿಷ್ತಾ ಬರೆದದ್ದು... ಬಿಡಿ. ಓದುವ ಮನಸ್ಸಿಲ್ಲ. ಹೇಳಬೇಕಾದ್ದು ಮೂರು ಪದ, ಆಗಲೇ ಹೇಳಿದೆ. ತಿಳಿಯದಿದ್ದವನಿಗೆ ಮತ್ತೆ ಹೇಳುತ್ತೇನೆ. ಪ್ಲಾಸ್ಟಿಕ್! ಚಾಕು! ಸಾಕು! ಕಮೆಂಟಿನಲ್ಲಿ ಪುಕ್ಕಲ ಅಂತ ಬರೆಯುವವರು ಬರೆಯಿರಿ, ಅದರಿಂದಲೂ ವಿಡಿಯೋ ಮುಂದೆ ಹೋಗುತ್ತದೆ. ಸಬ್‌ಸ್ಕ್ರೈಬ್ ಮಾಡಿ ಬರೆಯಿರಿ.

ಶುಕ್ರವಾರ ನಮ್ಮ ಹುಡುಗನದೇ ಹುಟ್ಟುಹಬ್ಬ. ಬಟರ್‌ಸ್ಕಾಚ್ ಕೇಕು ಹೇಳಿದ್ದೇನೆ. ಚಾಕು ಎಲ್ಲಿ ಅಂತ ಕೇಳಬೇಡಿ. ಡಬ್ಬಿಯ ಮುಚ್ಚಳದ ಒಳಗಡೆ ಟೇಪ್ ಹಚ್ಚಿ ಅಂಟಿಸಿರುತ್ತಾರೆ, ಮೇಣದಬತ್ತಿಯ ಪಕ್ಕದಲ್ಲೇ. ಮುಚ್ಚಳ ಎಸೆಯುವ ಮೊದಲು ಒಮ್ಮೆ ತಿರುಗಿಸಿ ನೋಡಿ.